ಗಾಳದ ಫ್ಲೈಗೆ ಯಾವ ಗರಿ? ಪದೇ ಪದೇ ಕೇಳುವ ಪ್ರಶ್ನೆಗಳು

ಗಾಳದ ಕೊಕ್ಕೆಗೆ ಗರಿ, ದಾರ ಸುತ್ತಿ ಹುಳು ಅಥವಾ ಮರಿಮೀನಿನಂತೆ ಮಾಡಿದ ನಕಲಿ ಎರೆಯೇ ಫ್ಲೈ. ಫ್ಲೈ ಕಟ್ಟಲು ಶುರು ಮಾಡಿದವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಗರಿಯ ಬಗ್ಗೆಯೇ ಇರುತ್ತವೆ. ಕೊಕ್ಕೆ, ದಾರ, ಕೊಕ್ಕೆ ಹಿಡಿದಿಡುವ ವೈಸ್, ಇವೆಲ್ಲ ಕೆಲವೇ ದಿನಗಳಲ್ಲಿ ಕೈಗೆ ಒಗ್ಗುತ್ತವೆ. ಗರಿ ಹಾಗಲ್ಲ. ಒಂದೇ ಹುಂಜದ ಮೈಮೇಲೆ ಎಷ್ಟೋ ತರಹದ ಗರಿ ಇರುತ್ತವೆ, ನೀರಿಗೆ ಬಿದ್ದಾಗ ಒಂದೊಂದೂ ಒಂದೊಂದು ತರಹ ನಡೆದುಕೊಳ್ಳುತ್ತದೆ. ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲ ಮೆಟ್ಟಿಲು

ಫ್ಲೈಗೆ ಗರಿಯೇ ಯಾಕೆ ಬೇಕು? ಪ್ಲಾಸ್ಟಿಕ್ ಎಳೆ ಸಾಕಾಗಲ್ವಾ?

ಎಷ್ಟೋ ಫ್ಲೈಗಳಿಗೆ ಸಾಕಾಗುತ್ತದೆ. ಆದರೆ ಒಂದು ಗರಿ ಒಟ್ಟಿಗೆ ಮಾಡುವ ಕೆಲಸಗಳನ್ನು ಒಂದೇ ಪ್ಲಾಸ್ಟಿಕ್ ಎಳೆಯಿಂದ ಮಾಡಿಸುವುದು ಕಷ್ಟ. ಗರಿಗೆ ತೂಕವೇ ಇಲ್ಲ ಅನ್ನಬಹುದು. ಬುಡದಿಂದ ತುದಿಗೆ ತಾನಾಗಿ ಸಣ್ಣಗಾಗುತ್ತಾ ಹೋಗುತ್ತದೆ. ನೀರು ಸ್ವಲ್ಪ ಅಲುಗಿದರೂ ಅದೂ ಅಲುಗುತ್ತದೆ. ನೊಣದ ಕಾಲು, ಮರಿಮೀನಿನ ಬಾಲ, ಹುಳುವಿನ ಕಿವಿರು, ಇವೆಲ್ಲ ಹಾಗೇ ತಾನೇ ಇರುವುದು? ಮೀನಿಗೆ ಬೇಕಾದ್ದು ಈ ಜೀವದ ಅಲುಗಾಟ.

ಇಷ್ಟೊಂದು ತರಹದ ಗರಿ ಇದೆಯಲ್ಲ, ತಲೆ ಕೆಟ್ಟುಹೋಗ್ತಿದೆ. ಎಲ್ಲಿಂದ ಶುರು ಮಾಡ್ಲಿ?

ಹಕ್ಕಿಯಿಂದ ಶುರು ಮಾಡಬೇಡಿ, ಬಣ್ಣದಿಂದಲೂ ಬೇಡ. ನೀರಿನಿಂದ ಶುರು ಮಾಡಿ. ನೀವು ಕಟ್ಟುವ ಫ್ಲೈ ನೀರಿನ ಮೇಲೆ ತೇಲಬೇಕಾ, ಒಳಗೆ ಮುಳುಗಬೇಕಾ? ತೇಲಬೇಕಾದರೆ ಗಡಸು ಗರಿ ಬೇಕು. ನೀರು ಕುಡಿಯದ, ಬಾಗಿದರೂ ಚಿಮ್ಮಿ ನೆಟ್ಟಗಾಗುವ ಗರಿ ಅದು. ಮುಳುಗಬೇಕಾದರೆ ಮೆತ್ತನೆ ಗರಿ ಬೇಕು. ಅದು ಬೇಗ ನೆನೆಯಬೇಕು, ಹರಿವಿಗೆ ಒಲೆಯಬೇಕು.

ಇದೊಂದು ಪ್ರಶ್ನೆ ಕೇಳಿಕೊಂಡರೆ ಅಂಗಡಿಯ ಗೋಡೆಯ ಮೇಲೆ ತೂಗುಹಾಕಿದ್ದರಲ್ಲಿ ಅರ್ಧಕ್ಕರ್ಧ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಚೆಂದದ ಗರಿಯನ್ನು ತಪ್ಪು ಜಾಗದಲ್ಲಿ ಕಟ್ಟಿದರೆ ಫ್ಲೈ ಕೆಡುತ್ತದೆ. ಸಾಧಾರಣ ಗರಿಯಾದರೂ ಸರಿಯಾದ ಜಾಗದಲ್ಲಿ ಕೂತರೆ ಮೀನು ಹಿಡಿಯುತ್ತದೆ. ಇದನ್ನು ನಾನು ಪೂರ್ತಿ ನಂಬುತ್ತೇನೆ. ಕೆಳಗಿನ ಉತ್ತರಗಳೆಲ್ಲ ಈ ನಂಬಿಕೆಯ ಮೇಲೇ ನಿಂತಿವೆ.

ವೆಬ್ ಇದೆ, ವೆಬ್ ಇಲ್ಲ ಅಂತಾರೆ. ಹಾಗಂದ್ರೆ ಏನು?

ಹುಂಜದ ಕುತ್ತಿಗೆಯ ಒಂದು ಗರಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ನಡುವೆ ಒಂದು ದಂಟು. ಅದರ ಎರಡೂ ಕಡೆ ಬಾಚಣಿಗೆ ಹಲ್ಲಿನ ಹಾಗೆ ಎಳೆಗಳು. ತುದಿಯ ಕಡೆ ಒಂದೊಂದು ಎಳೆಯೂ ಬಿಡಿಬಿಡಿಯಾಗಿ, ಹೊಳೆಯುತ್ತಾ ಕಾಣುತ್ತದೆ. ಬುಡದ ಕಡೆಗೆ ಬಂದಂತೆ ದಂಟಿನ ಅಕ್ಕಪಕ್ಕ ಮಸುಕಾದ, ಒತ್ತಾದ ಪಟ್ಟೆ ಶುರುವಾಗಿ ಅಗಲವಾಗುತ್ತಾ ಹೋಗುತ್ತದೆ. ಆ ಮಸುಕು ಪಟ್ಟೆಯೇ ವೆಬ್. ಅಲ್ಲಿ ಪ್ರತಿ ಎಳೆಗೂ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಎಳೆಗಳಿದ್ದು, ಅವು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಅವುಗಳ ನಡುವೆ ನೀರು ನಿಲ್ಲುತ್ತದೆ.

ತೇಲುವ ಫ್ಲೈಗೆ ವೆಬ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಮುಳುಗುವ ಫ್ಲೈಗೆ ವೆಬ್ಬೇ ಬೇಕು.

ಮೊದಲ ಸಲ ಏನೇನು ತಗೊಳ್ಳಲಿ? ಒಂದು ಪಟ್ಟಿ ಕೊಡಿ.

ಕಂದು ಬಣ್ಣದ ಹುಂಜದ ಹ್ಯಾಕಲ್ (ಫ್ಲೈಗೆ ಸುತ್ತುವ ಕುತ್ತಿಗೆ ಅಥವಾ ಬೆನ್ನಿನ ಗರಿ), ಗ್ರಿಜ್ಲಿ ಹ್ಯಾಕಲ್ (ಬಿಳಿ ಕಪ್ಪು ಪಟ್ಟೆಯದು), ಒಂದು ಫೆಸೆಂಟ್ ಹುಂಜದ ಬಾಲದ ಗರಿ, ಕಣ್ಣಿರುವ ನಾಲ್ಕೈದು ನವಿಲುಗರಿ, ಕಪ್ಪು ಮತ್ತು ಆಲಿವ್ ಬಣ್ಣದ ಮರಬೂ (ಮೆತ್ತನೆ ತುಪ್ಪುಳದ ಗರಿ), ಗರಿ ಸಮೇತ ಒಂದು ಹೇಂಟೆಯ ಕುತ್ತಿಗೆಯ ಚರ್ಮ. ಇಷ್ಟರಲ್ಲಿ ಒಂದು ವರ್ಷ ಕಟ್ಟುವಷ್ಟು ಫ್ಲೈಗಳಿವೆ. ಬೇರೆ ಬೇರೆ ಗರಿ ತುಂಬಿದ ದೊಡ್ಡ ಪೆಟ್ಟಿಗೆ ಒಟ್ಟಿಗೆ ಸಿಗುತ್ತದಲ್ಲ, ಅದು ಬೇಡ. ಅದರಲ್ಲಿ ನಿಮಗೆ ಬೇಕಾದ್ದು ಮೂರು ಇರುತ್ತದೆ, ಉಳಿದದ್ದು ಸುಮ್ನೆ ಜಾಗ ತಿನ್ನುತ್ತದೆ.

ಮನೆಯಲ್ಲಿ ಸಾಕಿದ ಕೋಳಿಯ ಗರಿ ನಡೆಯುತ್ತಾ?

ಮುಳುಗುವ ಫ್ಲೈಗೂ, ಮರಿಮೀನಿನಂತೆ ಕಾಣುವ ದೊಡ್ಡ ಸ್ಟ್ರೀಮರ್‌ಗೂ ಚೆನ್ನಾಗಿ ನಡೆಯುತ್ತದೆ. ಹೇಂಟೆಯ ಕುತ್ತಿಗೆ, ಬೆನ್ನಿನ ಗರಿಗಳಂತೂ ಬಹಳ ಒಳ್ಳೆಯ ಸಾಮಾನು. ಸಣ್ಣ ಕೊಕ್ಕೆಯ ತೇಲುವ ಫ್ಲೈಗೆ ಮಾತ್ರ ಕಷ್ಟ. ಸಾಮಾನ್ಯ ಹುಂಜದ ಕುತ್ತಿಗೆಯಲ್ಲಿ ಸಣ್ಣ ಗರಿ ಬಹಳ ಕಮ್ಮಿ, ಇರುವವೂ ಗಿಡ್ಡ, ವೆಬ್ ಜಾಸ್ತಿ. ಇನ್ನೊಂದು ವಿಷಯ: ಒಂದು ವರ್ಷವಾದರೂ ತುಂಬಿದ ಹುಂಜದ ಗರಿಗೂ ಎಳೆ ಹುಂಜದ ಗರಿಗೂ ಗಡಸುತನದಲ್ಲಿ ತುಂಬಾ ವ್ಯತ್ಯಾಸ ಇರುತ್ತದೆ. ಬಲಿತ ಹಕ್ಕಿಯದನ್ನೇ ಇಟ್ಟುಕೊಳ್ಳಿ.

## ಹುಂಜದ ಹ್ಯಾಕಲ್

ಕುತ್ತಿಗೆದು ತಗೊಳ್ಳಲಾ, ಬೆನ್ನಿಂದು ತಗೊಳ್ಳಲಾ?

ಕುತ್ತಿಗೆಯ ಚರ್ಮದ ಸಮೇತ ಬರುವುದು ಕೇಪ್. ಬೆನ್ನಿನ ಹಿಂಭಾಗದಿಂದ ಬರುವುದು ಸ್ಯಾಡಲ್. ಕೇಪ್‌ನಲ್ಲಿ ಅಳತೆಗಳ ಸಾಲೇ ಇರುತ್ತದೆ. ತಲೆಯ ಹತ್ತಿರ ಕಿರುಬೆರಳಿನ ಉಗುರಿನಷ್ಟು ಗರಿ, ಕೆಳಗೆ ಬಂದಂತೆ ದೊಡ್ಡದು. ಒಂದೇ ಕೇಪ್‌ನಿಂದ ತೀರಾ ಸಣ್ಣ ಕೊಕ್ಕೆಯಿಂದ ದೊಡ್ಡ ಕೊಕ್ಕೆಯವರೆಗೂ ಕಟ್ಟಬಹುದು. ಅಂಚಿನ ಗರಿಗಳು ಬಾಲಕ್ಕೆ ಬರುತ್ತವೆ, ಬುಡದ ದೊಡ್ಡ ಗರಿಗಳು ಸ್ಟ್ರೀಮರ್‌ಗೆ ಬರುತ್ತವೆ.

ಸ್ಯಾಡಲ್ ಗರಿ ಉದ್ದ. ಬುಡದಿಂದ ತುದಿಯವರೆಗೂ ಎಳೆಯ ಅಳತೆ ಹೆಚ್ಚುಕಡಿಮೆ ಒಂದೇ. ಒಂದೇ ಗರಿಯಿಂದ ಮೂರು ನಾಲ್ಕು ಫ್ಲೈ, ಒಳ್ಳೆಯದಾದರೆ ಇನ್ನೂ ಜಾಸ್ತಿ ಆಗುತ್ತವೆ. ದಂಟು ಸಣ್ಣ, ಸುತ್ತಲು ಸುಲಭ. ಆದರೆ ಒಂದು ಸ್ಯಾಡಲ್‌ನಲ್ಲಿ ಸಿಗುವುದು ಎರಡು ಮೂರು ಅಳತೆ ಮಾತ್ರ.

ನೀವು ಯಾವಾಗಲೂ ಒಂದೆರಡು ಅಳತೆಯ ಕೊಕ್ಕೆಯಲ್ಲೇ ಕಟ್ಟುವವರಾದರೆ ಸ್ಯಾಡಲ್ ತಗೊಳ್ಳಿ. ಎಲ್ಲ ಅಳತೆಯಲ್ಲೂ ಕೈ ಆಡಿಸುವವರಾದರೆ ಕೇಪ್. ನನ್ನನ್ನು ಕೇಳಿದರೆ ಕಲಿಯುವವರಿಗೆ ಕೇಪ್ ವಾಸಿ. ಒಂದೇ ಚರ್ಮದ ಮೇಲೆ ಗರಿ ಹೇಗೆ ಬದಲಾಗುತ್ತಾ ಹೋಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ.

ಈ ಗರಿ ನನ್ನ ಕೊಕ್ಕೆಗೆ ಸರಿಹೋಗುತ್ತೆ ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು?

ಕೊಕ್ಕೆಯ ಮೊನೆಗೂ ಅದರ ಕಾಲಿಗೂ (ನೇರವಾದ ಕಡ್ಡಿ) ನಡುವಿನ ಅಂತರಕ್ಕೆ ಕೊಕ್ಕೆಯ ಬಾಯಿ ಅನ್ನೋಣ. ತೇಲುವ ಫ್ಲೈಯ ಹ್ಯಾಕಲ್ ಎಳೆ ಆ ಬಾಯಿಯ ಒಂದೂವರೆ ಪಟ್ಟು ಉದ್ದ ಇರಬೇಕು. ಬಾಯಿ 5 ಮಿಲಿಮೀಟರ್ ಇದ್ದರೆ ಎಳೆ 7ರಿಂದ 8 ಮಿಲಿಮೀಟರ್.

ಅಳೆಯಲು ಗರಿಯನ್ನು ಚರ್ಮದಿಂದ ಕೀಳಬೇಕಾಗಿಲ್ಲ. ಗರಿಯ ತುದಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿ, ಕೊಕ್ಕೆಯ ಕಾಲಿನ ಸುತ್ತ ಬಿಲ್ಲಿನ ಹಾಗೆ ಬಾಗಿಸಿ. ಎಳೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡು ನಿಲ್ಲುತ್ತವೆ. ಕೊಕ್ಕೆಯ ಮೊನೆ ದಾಟಿ ಬಾಯಿಯ ಇನ್ನರ್ಧದಷ್ಟು ಹೊರಗೆ ಬಂದರೆ ಸರಿ. ಇದಕ್ಕೆ ಹ್ಯಾಕಲ್ ಗೇಜ್ ಅಂತ ಸಣ್ಣ ಅಳತೆಪಟ್ಟಿಯೂ ಸಿಗುತ್ತದೆ. ಎಳೆ ಉದ್ದವಾದರೆ ಫ್ಲೈ ಪಕ್ಕಕ್ಕೆ ಮಗುಚುತ್ತದೆ, ಗಿಡ್ಡವಾದರೆ ಮೂಗು ನೀರಿಗೆ ಇಳಿಯುತ್ತದೆ. ಕೊಕ್ಕೆಯ ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು ಅನ್ನುವುದನ್ನೂ ನೆನಪಿಡಿ. 18ರ ಕೊಕ್ಕೆ 12ಕ್ಕಿಂತ ಸಣ್ಣದು. ಹೊಸಬರು ಇಲ್ಲೇ ಎಡವುತ್ತಾರೆ.

ಅಂಗಡಿಯಲ್ಲಿ ಕೈಗೆ ಕೊಟ್ಟಾಗ ಏನೇನು ನೋಡ್ಬೇಕು?

ಚರ್ಮವನ್ನು ಎರಡು ಕೈಯಲ್ಲಿ ಹಿಡಿದು ಹಿಂದಕ್ಕೆ ಬಾಗಿಸಿ. ಗರಿಗಳು ಎದ್ದು ಬಿಡಿಬಿಡಿಯಾಗಿ ಕಾಣುತ್ತವೆ. ಈಗ ನಡುವಿನಿಂದ ಒಂದು ಗರಿ ಆರಿಸಿ, ಎಳೆಗಳನ್ನು ಬೆರಳಿನಿಂದ ಹಿಂದಕ್ಕೆ ಸವರಿ ಬಿಡಿ. ಸಟ್ಟನೆ ತಮ್ಮ ಜಾಗಕ್ಕೆ ಬಂದರೆ ಗಡಸಾಗಿವೆ. ಮಲಗಿದ ಹಾಗೇ ಉಳಿದರೆ ಮೆತ್ತಗಿವೆ. ಎಳೆಯ ತುದಿಯನ್ನು ತುಟಿಯ ಮೇಲೆ ಆಡಿಸುವವರೂ ಇದ್ದಾರೆ, ಗಡಸಿದ್ದರೆ ಚುಚ್ಚುತ್ತದೆ. ಹೊಸ ಚರ್ಮಕ್ಕೆ ಏನೇನೋ ಔಷಧಿ ಹಾಕಿರಬಹುದು, ಹಾಗಾಗಿ ನಾನು ಕೈಯ ಹಿಂಭಾಗಕ್ಕೆ ಮುಟ್ಟಿಸಿ ನೋಡುತ್ತೇನೆ.

ಆಮೇಲೆ ದಂಟು. ಗರಿಯನ್ನು ಬೆರಳಿಗೆ ಒಂದು ಸುತ್ತು ಸುತ್ತಿ. ಎಳೆಗಳು ಒಂದೇ ಸಾಲಿನಲ್ಲಿ ನೆಟ್ಟಗೆ ನಿಂತರೆ ದಂಟು ಚೆನ್ನಾಗಿದೆ. ದಂಟು ಹೊರಳಿ ಎಳೆಗಳು ಅಡ್ಡಾದಿಡ್ಡಿ ಹೋದರೆ ಆ ಚರ್ಮ ಎಷ್ಟೇ ಹೊಳೆಯಲಿ, ವಾಪಸ್ ಇಡಿ. ಕೊನೆಗೆ ಚರ್ಮ ತಿರುಗಿಸಿ ನೋಡಿ. ಜಿಡ್ಡಿರಬಾರದು, ಹಳಸಿದ ವಾಸನೆ ಬರಬಾರದು, ಸಣ್ಣ ತೂತುಗಳಿರಬಾರದು.

ಜೆನೆಟಿಕ್ ಹ್ಯಾಕಲ್ ಅಂತ ಅಷ್ಟೊಂದು ದುಬಾರಿ ಯಾಕೆ? ಕೋಳಿ ತಾನೇ ಅದು?

ಕೋಳಿಯೇ. ಆದರೆ ಮಾಂಸಕ್ಕಾಗಲಿ ಮೊಟ್ಟೆಗಾಗಲಿ ಅಲ್ಲ, ಗರಿಗೆಂದೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಕೋಳಿ. ಹೆಸರು ಕೇಳಿ ಪ್ರಯೋಗಾಲಯದಲ್ಲಿ ಏನೋ ಮಾಡಿದ್ದಾರೆ ಅಂದುಕೊಳ್ಳುತ್ತಾರೆ, ಹಾಗೇನಿಲ್ಲ. ಒಳ್ಳೆಯ ಗರಿಯ ಹುಂಜ, ಅದಕ್ಕೆ ತಕ್ಕ ಹೇಂಟೆ, ಅವುಗಳ ಮರಿಗಳಲ್ಲಿ ಮತ್ತೆ ಒಳ್ಳೆಯದರ ಆಯ್ಕೆ, ಹೀಗೆ ನಡೆದ ಕೆಲಸ.

ಅಮೆರಿಕದಲ್ಲಿ ಹ್ಯಾರಿ ಡಾರ್ಬಿ, ಆಂಡಿ ಮೈನರ್ ಮೊದಲಾದವರು ಹವ್ಯಾಸಕ್ಕೆ ಶುರು ಮಾಡಿದರು. ಬಕ್ ಮೆಟ್ಜ್ ಅದನ್ನು ದೊಡ್ಡ ವ್ಯಾಪಾರ ಮಾಡಿದರು. ಆರೆಗಾನ್‌ನ ಹೆನ್ರಿ ಹಾಫ್‌ಮನ್ ಗ್ರಿಜ್ಲಿ ಕೋಳಿಗಳ ಮೇಲೆ ವರ್ಷಗಟ್ಟಲೆ ದುಡಿದು ಸ್ಯಾಡಲ್ ಗರಿಯ ಸ್ವರೂಪವನ್ನೇ ಬದಲಿಸಿದರು. 1989ರಲ್ಲಿ ಆ ತಳಿ ಟಾಮ್ ವೈಟಿಂಗ್ ಅವರ ಕೈಗೆ ಬಂತು. ಇವತ್ತು ಅಂಗಡಿಯಲ್ಲಿ ಕಾಣುವ ಉದ್ದ ಸ್ಯಾಡಲ್‌ಗಳ ಹಿಂದೆ ಈ ಇಡೀ ಸಾಲು ಇದೆ. ಹುಂಜ ಬಲಿಯಲು ಹತ್ತಿರ ಹತ್ತಿರ ಒಂದು ವರ್ಷ ಸಾಕಬೇಕು, ಒಂದು ಹಕ್ಕಿಗೆ ಸಿಗುವುದು ಒಂದು ಕೇಪ್, ಒಂದು ಸ್ಯಾಡಲ್. ಬೆಲೆ ಬರುವುದು ಅಲ್ಲಿಂದ.

ತೇಲುವ ಫ್ಲೈ ಕಟ್ಟುವವರಿಗೆ ಆ ದುಡ್ಡು ದಂಡವಲ್ಲ. ಫ್ಲೈ ಒಂದಕ್ಕೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ ನೋಡಿ, ದುಬಾರಿ ಸ್ಯಾಡಲ್ ಎಷ್ಟೋ ಸಲ ಅಗ್ಗದ್ದಕ್ಕಿಂತ ಅಗ್ಗವಾಗುತ್ತದೆ. ಮುಳುಗುವ ಫ್ಲೈ ಮಾತ್ರ ಕಟ್ಟುವವರು ಇದರ ಗೋಜಿಗೆ ಹೋಗಬೇಡಿ. ಆ ಗಡಸುತನ ಅಲ್ಲಿ ಅಡ್ಡಿಯೇ ಆಗುತ್ತದೆ.

ಉದ್ದ ಗ್ರಿಜ್ಲಿ ಸ್ಯಾಡಲ್ ಒಂದು ಸಲ ಅಂಗಡಿಗಳಿಂದ ಮಾಯವೇ ಆಗಿತ್ತು. 2011ರಲ್ಲಿ ಅಮೆರಿಕದಲ್ಲಿ ತಲೆಕೂದಲಿಗೆ ಗರಿ ಸೇರಿಸಿಕೊಳ್ಳುವ ಫ್ಯಾಷನ್ ಬಂದು, ಸಲೂನ್‌ಗಳು ಇದ್ದಬದ್ದದ್ದನ್ನೆಲ್ಲ ಕೊಂಡುಬಿಟ್ಟವು. ಒಂದು ಹುಂಜ ಬೆಳೆಯಲು ವರ್ಷ ಬೇಕಲ್ಲ, ಬೇಡಿಕೆ ಏರಿತು ಅಂತ ಮಾರನೇ ದಿನ ಗರಿ ಹುಟ್ಟುವುದಿಲ್ಲ.

ಗ್ರೇಡ್ ಜಾಸ್ತಿ ಇದ್ದಷ್ಟೂ ಗರಿ ಚೆನ್ನಾಗಿರುತ್ತಾ?

ಪೂರ್ತಿ ಹಾಗಲ್ಲ. ಗ್ರೇಡ್ ಹೇಳುವುದು ಹೆಚ್ಚಾಗಿ ಒಂದು ಚರ್ಮದಲ್ಲಿ ಎಷ್ಟು ಗರಿ ಇದೆ, ಎಷ್ಟು ಉದ್ದ ಇದೆ, ಸಣ್ಣ ಅಳತೆಯವು ಎಷ್ಟಿವೆ ಅನ್ನುವುದನ್ನು. 12, 14ರ ಕೊಕ್ಕೆಯಲ್ಲೇ ಕಟ್ಟುವವರಿಗೆ ಕೆಳಗಿನ ಗ್ರೇಡ್ ಧಾರಾಳ ಸಾಕು. 20, 22ರ ಕೊಕ್ಕೆಗೆ ಇಳಿಯುವವರು ಮೇಲಿನ ಗ್ರೇಡ್ ನೋಡಲಿ.

ಒಂದೆರಡೇ ಬಣ್ಣ ತಗೊಳ್ಳೋಕೆ ಆಗೋದು. ಯಾವುದು ತಗೊಳ್ಳಲಿ?

ಗ್ರಿಜ್ಲಿ ಮತ್ತು ಕಂದು. ಬಿಳಿ ಕಪ್ಪು ಅಡ್ಡಪಟ್ಟೆಯ ಗರಿಯೇ ಗ್ರಿಜ್ಲಿ, ಬ್ಯಾರ್ಡ್ ಪ್ಲಿಮತ್ ರಾಕ್ ಕೋಳಿಯ ಬಣ್ಣ. ಕಂದು ಗರಿಯ ಜೊತೆ ಅದನ್ನು ಸೇರಿಸಿ ಸುತ್ತಿದರೆ ಎಳೆಗಳು ಬೆರೆತು ರೆಕ್ಕೆ ಬಡಿಯುವ ಹುಳುವಿನ ಮಬ್ಬು ಬಣ್ಣ ಬರುತ್ತದೆ. 1922ರಲ್ಲಿ ಮಿಶಿಗನ್‌ನ ಲೆನ್ ಹ್ಯಾಲಡೇ ಕಟ್ಟಿದ ಆಡಮ್ಸ್ ಫ್ಲೈಯ ಗುಟ್ಟು ಇದೇ ಜೋಡಿ. ಅದು ಒಂದು ಹುಳುವನ್ನೂ ಸರಿಯಾಗಿ ಹೋಲುವುದಿಲ್ಲ, ಹತ್ತಾರು ಹುಳುಗಳನ್ನು ಅಷ್ಟಿಷ್ಟು ಹೋಲುತ್ತದೆ. ಮೂರನೆಯದು ತಗೊಳ್ಳುವ ಹಾಗಿದ್ದರೆ ಡನ್, ಅಂದರೆ ಹೊಗೆಯಂಥ ಬೂದು. ಕಂದು, ಕಪ್ಪು, ಕೆನೆ ಮೂರೂ ಒಂದೇ ಗರಿಯಲ್ಲಿ ಪಟ್ಟೆಯಾಗಿ ಬರುವ ಕ್ರೀ ಗರಿ ಅಪರೂಪ. ಸಿಕ್ಕರೆ ನೋಡಿ ಖುಷಿಪಡಿ. ಗ್ರಿಜ್ಲಿ ಮತ್ತು ಕಂದು ಸೇರಿಸಿದರೆ ಅದರ ಕೆಲಸ ಆಗುತ್ತದೆ.

ಸುತ್ತುವಾಗ ಗರಿ ತಿರುಚಿಕೊಳ್ಳುತ್ತೆ. ತಪ್ಪು ನನ್ನದಾ, ಗರಿಯದಾ?

ಎರಡೂ ಇರಬಹುದು. ಬುಡದ ವೆಬ್ ಭಾಗವನ್ನು ಬಿಡಿಸಿ ತೆಗೆದಿದ್ದೀರಾ ನೋಡಿ. ತೆಗೆದ ಮೇಲೂ ಬರಿ ದಂಟನ್ನು ಒಂದು ಮಿಲಿಮೀಟರ್‌ನಷ್ಟು ಹೊರಗೆ ಬಿಟ್ಟು ಕಟ್ಟಬೇಕು. ಮೊದಲ ಅರ್ಧ ಸುತ್ತು ಬರಿ ದಂಟಿನದೇ ಆದರೆ ಗರಿಗೆ ಸರಿಯಾಗಿ ತಿರುಗಲು ಜಾಗ ಸಿಗುತ್ತದೆ. ಇಷ್ಟೆಲ್ಲ ಮಾಡಿದರೂ ಹೊರಳಿದರೆ ದಂಟು ದಪ್ಪ ಅಥವಾ ಚಪ್ಪಟೆ ಅಂತ ಅರ್ಥ. ಅದೇ ಚರ್ಮದ ಇನ್ನೆರಡು ಗರಿಯೂ ಹಾಗೇ ಮಾಡಿದರೆ ಆ ಚರ್ಮವನ್ನು ಮುಳುಗುವ ಫ್ಲೈಗೆ ಮೀಸಲಿಡಿ.

ತೇಲುವ ಫ್ಲೈಯ ಬಾಲಕ್ಕೂ ಅದೇ ಗರಿ ಹಾಕಬಹುದಾ?

ಹಾಕಬಹುದು, ಆದರೆ ಕೇಪ್‌ನ ಎರಡು ಅಂಚಿನಲ್ಲಿರುವ ಅಗಲ ಗರಿಗಳನ್ನು ಆರಿಸಿ. ಅವುಗಳ ಎಳೆ ಉದ್ದ, ಗಡಸು. ಇದಕ್ಕಿಂತಲೂ ಒಳ್ಳೆಯದು ಸ್ಪೇನ್‌ನ ಲೆಯೋನ್ ಪ್ರಾಂತ್ಯದ ಹುಂಜಗಳ ಗರಿ, ಕೊಕ್ ದ ಲೆಯೋನ್. ಗಾಜಿನ ಕಡ್ಡಿಯಂತೆ ಹೊಳೆಯುವ, ಚುಕ್ಕೆ ಚುಕ್ಕೆಯ ಎಳೆಗಳು. ಆ ಕಣಿವೆಯವರು ಈ ಗರಿಗಳಿಂದ ಫ್ಲೈ ಕಟ್ಟುತ್ತಿದ್ದುದು 1624ರ ಒಂದು ಹಸ್ತಪ್ರತಿಯಲ್ಲೇ ದಾಖಲಾಗಿದೆ. ನಾಲ್ಕರಿಂದ ಆರು ಎಳೆ ಹಾಕಿದರೆ ಒಂದು ಬಾಲ ಆಗುತ್ತದೆ, ಒಂದು ಗರಿ ಬಹಳ ದಿನ ಬರುತ್ತದೆ.

## ನೀರೊಳಗಿನ ಫ್ಲೈಗೆ

ಮೆತ್ತನೆ ಹ್ಯಾಕಲ್‌ಗೆ ಕೌಜುಗದ ಗರಿಯೇ ಆಗ್ಬೇಕಾ?

ಬೂದು ಕೌಜುಗದ ಎದೆ ಮತ್ತು ಬೆನ್ನಿನ ಚುಕ್ಕೆಯ ಗರಿ ನಿಜಕ್ಕೂ ಸೊಗಸು. ಎಳೆ ಮೆತ್ತಗೆ, ಚುಕ್ಕೆಗಳು ಹುಳುವಿನ ಕಾಲಿನ ಗೆಣ್ಣಿನಂತೆ ಕಾಣುತ್ತವೆ. ಆದರೆ 16ಕ್ಕಿಂತ ಸಣ್ಣ ಕೊಕ್ಕೆಗೆ ಹೊಂದುವಷ್ಟು ಸಣ್ಣ ಗರಿ ಒಂದು ಚರ್ಮದಲ್ಲಿ ಬೆರಳೆಣಿಕೆಯಷ್ಟೇ. ಸಣ್ಣ ಕೊಕ್ಕೆಗೆ ಸ್ಟಾರ್ಲಿಂಗ್ ಹಕ್ಕಿಯ ಗರಿ ಸರಿಯಾಗಿ ಕೂರುತ್ತದೆ. ಉಳಿದದ್ದಕ್ಕೆಲ್ಲ ಚುಕ್ಕೆಯ ಹೇಂಟೆ ಗರಿ ನಡೆಯುತ್ತದೆ. ಯಾವುದನ್ನೇ ಹಾಕಿ, ಎರಡು ಸುತ್ತಿಗಿಂತ ಜಾಸ್ತಿ ಸುತ್ತಬೇಡಿ. ಒತ್ತಾದರೆ ಎಳೆಗಳು ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ, ಅಲುಗಾಟ ಹೋಗುತ್ತದೆ.

ಮರಬೂ ಒಣಗಿದ್ದಾಗ ಪೊದೆ ತರಹ ಇರುತ್ತೆ, ಎಷ್ಟು ಕಟ್ಟಬೇಕು ಅಂತಲೇ ತಿಳಿಯಲ್ಲ.

ಒಂದು ಲೋಟ ನೀರು ಪಕ್ಕದಲ್ಲಿಟ್ಟುಕೊಳ್ಳಿ. ಕಟ್ಟುವ ಮುಂಚೆ ಬೆರಳು ಒದ್ದೆ ಮಾಡಿ ಗರಿಯನ್ನು ಸವರಿ. ಅಷ್ಟು ದೊಡ್ಡ ಪೊದೆ ಬೆಂಕಿಕಡ್ಡಿಯಷ್ಟು ಸಣ್ಣದಾಗುತ್ತದೆ. ಮೀನು ನೋಡುವುದು ಆ ರೂಪವನ್ನು. ಕಟ್ಟಿಯಾದ ಮೇಲೆ ಫ್ಲೈಯನ್ನು ಲೋಟದಲ್ಲಿ ಇಳಿಬಿಟ್ಟು, ದಾರ ಒಂದಿಷ್ಟು ಎಳೆದು ಬಿಡಿ. ಎಳೆದಾಗ ಮುದುಡಿ, ಬಿಟ್ಟಾಗ ಉಸಿರು ತುಂಬಿಕೊಂಡಂತೆ ಅರಳಬೇಕು. ಅರಳದಿದ್ದರೆ ಜಾಸ್ತಿ ಕಟ್ಟಿದ್ದೀರಿ.

ಮರಬೂ ಅನ್ನುವುದು ಮೊದಲು ಮರಬೂ ಕೊಕ್ಕರೆಯ ಗರಿಗೆ ಇದ್ದ ಹೆಸರು. ಈಗ ಸಿಗುವುದೆಲ್ಲ ಬಿಳಿ ಟರ್ಕಿ ಕೋಳಿಯ ಮೆತ್ತನೆ ಗರಿ, ಬಣ್ಣ ಹಾಕಿದ್ದು. ಬಾಲಕ್ಕೆ ತಗೊಳ್ಳುವಾಗ ದಂಟು ಸಣ್ಣ ಇರುವ, ಎಳೆಗಳ ತುದಿ ಒಂದೇ ಮಟ್ಟಕ್ಕೆ ಬರುವ ಗರಿ ಆರಿಸಿ.

ನವಿಲುಗರಿ ಎಳೆ ಒಂದೇ ಮೀನಿಗೆ ಹರಿದುಹೋಗುತ್ತೆ. ಏನು ಮಾಡ್ಲಿ?

ಒಂದೇ ಎಳೆ ಸುತ್ತಿದರೆ ಹರಿಯುವುದೇ. ಮೂರು ನಾಲ್ಕು ಎಳೆ ಒಟ್ಟಿಗೆ ಹಿಡಿದು, ಕಟ್ಟುವ ದಾರಕ್ಕೆ ಹಗ್ಗ ಹೊಸೆದಂತೆ ಹೊಸೆದು ಸುತ್ತಿ. ಇಲ್ಲವೇ ಸುತ್ತಿದ ಮೇಲೆ ಸಣ್ಣ ತಾಮ್ರದ ತಂತಿಯನ್ನು ಎದುರು ದಿಕ್ಕಿನಲ್ಲಿ ಸುತ್ತಿ. ಎಳೆಯನ್ನು ಕಣ್ಣಿನ ಕೆಳಗಿನ ಭಾಗದಿಂದ ತಗೊಳ್ಳಿ, ಅಲ್ಲಿ ತುಪ್ಪುಳ ಒತ್ತಾಗಿರುತ್ತದೆ. ತುದಿಯಲ್ಲಿ ತೆಳ್ಳಗಿರುವುದನ್ನು ಕತ್ತರಿಸಿ ಹಾಕಿ.

ಆ ಹಸಿರು ಹೊಳಪು ಬಣ್ಣದ ದ್ರವ್ಯದಿಂದ ಬಂದದ್ದಲ್ಲ. ಮರಿ ಎಳೆಗಳೊಳಗೆ ಮೆಲನಿನ್ ಕಡ್ಡಿಗಳು ಸಾಲಾಗಿ ಜೋಡಿಸಿಕೊಂಡಿದ್ದು, ಬೆಳಕು ಅವುಗಳಿಂದ ಚಿಮ್ಮಿ ಬಣ್ಣವಾಗಿ ಕಾಣುತ್ತದೆ. ಅದಕ್ಕೇ ಫ್ಲೈ ತಿರುಗಿದಂತೆ ಬಣ್ಣವೂ ಬದಲಾಗುತ್ತದೆ.

ಕಣ್ಣಿನ ಭಾಗದ ಎಳೆಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ. ಅವುಗಳ ತುಪ್ಪುಳವನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ತೆಗೆದರೆ ಒಂದು ಕಡೆ ತಿಳಿ, ಒಂದು ಕಡೆ ಗಾಢ ಬಣ್ಣದ ಕಡ್ಡಿ ಉಳಿಯುತ್ತದೆ. ಅದನ್ನು ಸುತ್ತಿದರೆ ಹುಳುವಿನ ಹೊಟ್ಟೆಯ ಉಂಗುರಗಳು ತಾವಾಗಿ ಮೂಡುತ್ತವೆ.

ಫೆಸೆಂಟ್ ಬಾಲದ ಗರಿಯಲ್ಲಿ ಯಾವ ಭಾಗ ಒಳ್ಳೇದು?

ಹುಂಜದ ಬಾಲದ ನಡುವಿನ ಎರಡು ಉದ್ದ ಗರಿಗಳು. ಎಳೆ ಉದ್ದ, ಕೆಂಪು ಛಾಯೆ ಜಾಸ್ತಿ. ಇಂಗ್ಲೆಂಡಿನ ಏವನ್ ನದಿಯ ಕಾವಲಿಗ ಫ್ರಾಂಕ್ ಸಾಯರ್ ಇದೇ ಎಳೆ ಮತ್ತು ತಾಮ್ರದ ತಂತಿ, ಇವೆರಡರಿಂದಲೇ ಇಡೀ ನಿಂಫ್ (ನೀರೊಳಗಿನ ಮರಿಹುಳುವಿನಂಥ ಫ್ಲೈ) ಕಟ್ಟಿದರು, ದಾರವನ್ನೂ ಬಳಸಲಿಲ್ಲ. ಬಾಲ, ಮೈ, ಬೆನ್ನು ಎಲ್ಲಾ ಒಂದೇ ಗರಿ. ಆ ಒಂದು ಫ್ಲೈ ಕಟ್ಟಿ ನೋಡಿದರೆ ಗರಿಯನ್ನು ಪೂರ್ತಿ ಬಳಸುವುದು ಹೇಗೆ ಅಂತ ಕೈಗೇ ತಿಳಿಯುತ್ತದೆ.

ಬಯಟ್ ಅಂದ್ರೆ ಯಾವ ಗರಿ?

ಹೆಬ್ಬಾತು ಅಥವಾ ಟರ್ಕಿಯ ರೆಕ್ಕೆಯ ದೊಡ್ಡ ಗರಿಯಲ್ಲಿ, ಗಾಳಿ ಸೀಳುವ ಮುಂದಿನ ಅಂಚಿನ ಗಿಡ್ಡ ಗಡಸು ಎಳೆಗಳು. ಹೆಬ್ಬಾತಿನದು ಗಿಡ್ಡ, ಗಟ್ಟಿ. ಬಾಲಕ್ಕೂ ಕಾಲಿಗೂ ಸರಿ. ಟರ್ಕಿಯದು ಉದ್ದ; ಮೈಗೆ ಸುತ್ತಲು ಸರಿ. ಒಂದು ಕಡೆಯಿಂದ ಸುತ್ತಿದರೆ ನಯವಾಗಿ ಬರುತ್ತದೆ, ಮಗುಚಿ ಸುತ್ತಿದರೆ ಅಂಚು ಎದ್ದು ನಿಲ್ಲುತ್ತದೆ. ಮೊದಲ ಸುತ್ತಿನಲ್ಲೇ ಗೊತ್ತಾಗುತ್ತದೆ.

ಸ್ಟ್ರೀಮರ್‌ಗೆ ಉದ್ದ ಗರಿ ಯಾವುದಾದ್ರೂ ಆಗುತ್ತಾ?

ಹೇಗೆ ಈಜಬೇಕು ಅನ್ನುವುದರ ಮೇಲೆ ಹೋಗುತ್ತದೆ. ತೆಳು ದಂಟಿನ ಸ್ಯಾಡಲ್ ಹಾವಿನಂತೆ ಬಳುಕುತ್ತದೆ. ಕೇಪ್‌ನ ಬುಡದ ದೊಡ್ಡ ಗರಿಗಳು ಅಗಲ, ದಂಟು ಗಟ್ಟಿ. ಮರಿಮೀನಿನ ಮೈಯಂತೆ ಆಕಾರ ಉಳಿಸಿಕೊಳ್ಳುತ್ತವೆ. ಫ್ಲೈಯ ಕುತ್ತಿಗೆಯ ಸುತ್ತ ಪೊದೆಯಂತೆ ಸುತ್ತಲು ಸ್ಲಾಪೆನ್ ಬೇಕು, ಅದು ಸ್ಯಾಡಲ್‌ಗೂ ಬಾಲಕ್ಕೂ ನಡುವೆ ಬೆಳೆಯುವ ಉದ್ದ ಮೆತ್ತನೆ ಗರಿ. ಜೋಡಿ ಕಟ್ಟುವಾಗ ಎಡಕ್ಕೆ ಬಾಗಿದ್ದೊಂದು, ಬಲಕ್ಕೆ ಬಾಗಿದ್ದೊಂದು ಆರಿಸಿ. ಎರಡೂ ಒಂದೇ ಕಡೆ ಬಾಗಿದ್ದರೆ ಫ್ಲೈ ಗಿರಗಿರ ತಿರುಗಿ ದಾರ ಹುರಿಗಟ್ಟುತ್ತದೆ.

## ಸ್ವಲ್ಪ ಮುಂದೆ ಹೋದವರಿಗೆ

ಸಿಡಿಸಿ ಗರಿಗೆ ಎಣ್ಣೆ ಇರುತ್ತೆ, ಅದಕ್ಕೇ ತೇಲುತ್ತೆ ಅಂತಾರೆ. ಹಾಗಾದ್ರೆ ಬಣ್ಣ ಹಾಕಿದ್ದು ಯಾಕೆ ತೇಲುತ್ತೆ?

ಬಹಳ ಒಳ್ಳೆಯ ಪ್ರಶ್ನೆ. ಬಾತುಕೋಳಿಯ ಬಾಲದ ಬುಡದಲ್ಲಿ ಒಂದು ಎಣ್ಣೆಗ್ರಂಥಿ ಇದೆ. ಹಕ್ಕಿ ಕೊಕ್ಕಿನಿಂದ ಆ ಎಣ್ಣೆ ತೆಗೆದು ಮೈಗೆಲ್ಲ ಸವರಿಕೊಳ್ಳುತ್ತದೆ. ಗ್ರಂಥಿಯ ಸುತ್ತ ಬೆಳೆಯುವ ಗರಿಗಳೇ ಸಿಡಿಸಿ. ಸ್ವಿಟ್ಜರ್‌ಲೆಂಡಿನ ಜೂರಾ ಬೆಟ್ಟಗಳವರು 1920ರ ದಶಕದಲ್ಲಿ ಇವುಗಳಿಂದ ಫ್ಲೈ ಕಟ್ಟಲು ಶುರು ಮಾಡಿದರು.

ಎಣ್ಣೆ ಸಹಾಯ ಮಾಡುತ್ತದೆ ನಿಜ. ಆದರೆ ಜಾಸ್ತಿ ಕೆಲಸ ಮಾಡುವುದು ಗರಿಯ ರಚನೆ. ಪ್ರತಿ ಎಳೆಯ ಮೇಲೂ ಸುರುಳಿ ಸುರುಳಿಯಾದ ಲೆಕ್ಕವಿಲ್ಲದಷ್ಟು ಮರಿ ಎಳೆಗಳು. ಅವು ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಣ್ಣ ಹಾಕುವಾಗ ತೊಳೆದು ಎಣ್ಣೆ ಹೋದರೂ ಆ ರಚನೆ ಹಾಗೇ ಉಳಿಯುತ್ತದೆ, ಹಾಗಾಗಿ ತೇಲುತ್ತದೆ.

ಇದರಿಂದ ಎರಡು ಮಾತು ತಿಳಿಯಬೇಕು. ಒಂದು, ಗರಿ ಆರಿಸುವಾಗ ಬೆಳಕಿಗೆ ಹಿಡಿದು ಮರಿ ಎಳೆಗಳು ಒತ್ತಾಗಿವೆಯಾ ನೋಡಿ, ಜಿಡ್ಡನ್ನಲ್ಲ. ಎರಡು, ಸಿಡಿಸಿಗೆ ತೇಲಿಸುವ ಜೆಲ್ ಹಚ್ಚಲೇಬೇಡಿ. ಮರಿ ಎಳೆಗಳು ಅಂಟಿಕೊಂಡು ಗಾಳಿಗೆ ಜಾಗವೇ ಇರುವುದಿಲ್ಲ. ಮೀನು ಹಿಡಿದ ಮೇಲೆ ಲೋಳೆ ತೊಳೆದು, ಒಣ ಬಟ್ಟೆಯಲ್ಲಿ ಒತ್ತಿ, ಸಿಲಿಕಾ ಪುಡಿಯಲ್ಲಿ ಅಲ್ಲಾಡಿಸಿ. ಮತ್ತೆ ಅರಳುತ್ತದೆ.

ಫ್ಲೈಯ ರೆಕ್ಕೆ ಯಾವಾಗ್ಲೂ ಒಂದು ಕಡೆಗೆ ವಾಲುತ್ತೆ. ಯಾಕೆ?

ಬಹುಶಃ ಎರಡೂ ತುಂಡನ್ನು ಹಕ್ಕಿಯ ಒಂದೇ ರೆಕ್ಕೆಯ ಗರಿಯಿಂದ ಕತ್ತರಿಸಿದ್ದೀರಿ. ಬಾತುಕೋಳಿಯ ಎಡ ರೆಕ್ಕೆಯ ಗರಿ ಒಂದು ಕಡೆ ಬಾಗಿರುತ್ತದೆ, ಬಲ ರೆಕ್ಕೆಯದು ಇನ್ನೊಂದು ಕಡೆ. ಎರಡೂ ರೆಕ್ಕೆಯಿಂದ ಅದೇ ಸ್ಥಾನದ ಗರಿ ತೆಗೆದು, ಅದೇ ಎತ್ತರದಿಂದ, ಅದೇ ಅಗಲಕ್ಕೆ ತುಂಡು ಮಾಡಿ. ಅದಕ್ಕೇ ಈ ಗರಿಗಳನ್ನು ಜೋಡಿಯಾಗಿಯೇ ಕೊಳ್ಳಬೇಕು.

ಎಳೆ ಕಟ್ಟಿನ ರೆಕ್ಕೆಗೆ ವುಡ್ ಡಕ್‌ನ ಪಕ್ಕೆಯ ನಿಂಬೆ ಬಣ್ಣದ ಗರಿ ಹೆಸರುವಾಸಿ. ಮ್ಯಾಂಡರಿನ್ ಬಾತಿನದು ಹತ್ತಿರ ಹತ್ತಿರ ಅದೇ ತರಹ ಇರುತ್ತದೆ. ಬಣ್ಣ ಹಾಕಿದ ಮಲ್ಲಾರ್ಡ್ ಗರಿಯೂ ಸಾಕು.

ಜಂಗಲ್ ಕಾಕ್ ಬೇಕು ಅಂತ ಪಟ್ಟಿಯಲ್ಲಿದೆ. ಎಲ್ಲಿಂದ ತರೋದು?

ಅದು ಬೂದು ಕಾಡುಕೋಳಿಯ ಕುತ್ತಿಗೆ ಗರಿ. ಮೇಣದ ಹನಿ ಬಿದ್ದಂತೆ ಬಿಳಿ ಹಳದಿ ಕಣ್ಣಿನ ಗುರುತಿರುತ್ತದೆ. ಮರಿಮೀನಿನ ಕಣ್ಣಿನಂತೆ ಕಾಣಲಿ ಅಂತ ಫ್ಲೈಯ ಕೆನ್ನೆಗೆ ಕಟ್ಟುತ್ತಾರೆ. ಈ ಹಕ್ಕಿಯ ತವರು ಭಾರತದ ಪರ್ಯಾಯ ದ್ವೀಪದ ಕಾಡುಗಳು. ಅಲ್ಲಿ ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲೂ ಇದೆ. ಕಾಡಿನ ಹಕ್ಕಿಯ ಗರಿ ಕೊಳ್ಳುವ ಮಾತೇ ಇಲ್ಲ. ಬ್ರಿಟನ್‌ನಂಥ ಕಡೆ ಸಾಕಿ ಬೆಳೆಸಿದ ಹಕ್ಕಿಗಳ ಗರಿ ಕಾನೂನುಬದ್ಧವಾಗಿ ಸಿಗುತ್ತದೆ. ಆದರೆ ಗಡಿ ದಾಟಿಸಲು ಕಾಗದ ಪತ್ರ ಬೇಕು.

ಬದಲಿಗೆ ಹೇಂಟೆಯ ಸಣ್ಣ ಗರಿಗೆ ವಾರ್ನಿಷ್ ಹಚ್ಚಿ ಚಪ್ಪಟೆ ಮಾಡಿ, ಬಿಳಿ ಬಣ್ಣದ ಚುಕ್ಕೆ ಇಟ್ಟರೆ ಮೀನಿಗೆ ಅದೇ ಸಾಕು. ನಾನು ವರ್ಷಗಳಿಂದ ಹಾಗೇ ಮಾಡುತ್ತಿದ್ದೇನೆ.

ಸಾಮನ್ ಮೀನಿನ ಹಳೆ ಫ್ಲೈಗಳಿಗೆ ಅಸಲಿ ವಿದೇಶಿ ಹಕ್ಕಿ ಗರಿಯೇ ಹಾಕ್ಬೇಕು ಅನ್ಸುತ್ತೆ. ತಪ್ಪಾ?

ಆಸೆ ತಪ್ಪಲ್ಲ, ಆ ಬಣ್ಣಗಳು ಹಾಗಿವೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನ ಟೋಪಿ ವ್ಯಾಪಾರಕ್ಕೆ ಹಡಗುಗಟ್ಟಲೆ ಹಕ್ಕಿಗಳು ಬರುತ್ತಿದ್ದವು, ಫ್ಲೈ ಕಟ್ಟುವವರೂ ಅವನ್ನೇ ಬಳಸಿದರು. ಆದರೆ ಈ ಆಸೆ ಎಲ್ಲಿಗೆ ಮುಟ್ಟಬಹುದು ನೋಡಿ. 2009ರ ಜೂನ್‌ನಲ್ಲಿ ಇಂಗ್ಲೆಂಡಿನ ಟ್ರಿಂಗ್‌ನಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಿಂದ 299 ಹಕ್ಕಿಗಳ ಚರ್ಮ ಕಳುವಾದವು. ಕದ್ದವನು ಫ್ಲೈ ಕಟ್ಟುವುದರಲ್ಲಿ ನುರಿತ ಒಬ್ಬ ಯುವಕ. ಅವುಗಳಲ್ಲಿ ಕೆಲವನ್ನು ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಸ್ವತಃ ಸಂಗ್ರಹಿಸಿದ್ದರು. ವಾಪಸ್ ಸಿಕ್ಕ ಎಷ್ಟೋ ಚರ್ಮಗಳಿಗೆ ಗುರುತಿನ ಚೀಟಿಯೇ ಇರಲಿಲ್ಲ. ಎಲ್ಲಿ, ಯಾವಾಗ ಹಿಡಿದದ್ದು ಅಂತ ಗೊತ್ತಿಲ್ಲದ ಹಕ್ಕಿಯಿಂದ ವಿಜ್ಞಾನಕ್ಕೆ ಏನೂ ಸಿಗುವುದಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಬಣ್ಣ ಹಾಕಿದ ಹೆಬ್ಬಾತು, ಟರ್ಕಿ, ಫೆಸೆಂಟ್ ಗರಿಯಿಂದ ಅದೇ ಫ್ಲೈ ಕಟ್ಟಬಹುದು. ಎಳೆ ಎಳೆ ಜೋಡಿಸುವ ಕೈಚಳಕಕ್ಕೆ ಅದರಿಂದ ಏನೂ ಕಮ್ಮಿಯಾಗುವುದಿಲ್ಲ.

ದಾರಿಯಲ್ಲಿ ಬಿದ್ದಿರೋ ಗರಿ ಎತ್ತಿಕೊಳ್ಳಬಹುದಾ?

ದೇಶದಿಂದ ದೇಶಕ್ಕೆ ಬೇರೆ ಬೇರೆ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿ ಕಾಯ್ದೆಯ ಪ್ರಕಾರ ಆ ಪಟ್ಟಿಯ ಹಕ್ಕಿ ತಾನಾಗಿ ಉದುರಿಸಿದ ಗರಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಕಾನೂನಿನ ಪ್ರಕಾರ ಬೇಟೆಯಾಡಿದ ಬಾತು, ಹೆಬ್ಬಾತುಗಳ ಗರಿಯಿಂದ ಫ್ಲೈ ಕಟ್ಟಲು ವಿನಾಯಿತಿ ಇದೆ. ಭಾರತದಲ್ಲಿ ನವಿಲು ಉದುರಿಸಿದ ಬಾಲದ ಗರಿ ಇಟ್ಟುಕೊಳ್ಳಬಹುದು, ದೇಶದ ಹೊರಗೆ ಕಳಿಸುವಂತಿಲ್ಲ. ನೀವಿರುವ ಕಡೆಯ ನಿಯಮ ಕೇಳಿಕೊಂಡು ಕೈ ಹಾಕಿ. ಸತ್ತುಬಿದ್ದ ಹಕ್ಕಿಯನ್ನಂತೂ ಬರಿಗೈಯಲ್ಲಿ ಮುಟ್ಟಬೇಡಿ, ಹಕ್ಕಿಜ್ವರದ ಭಯ ಇದೆ.

ಬಣ್ಣ ಹಾಕಿದ ಗರಿ ಕೈಗೆಲ್ಲ ಬಣ್ಣ ಬಿಡುತ್ತೆ. ಎಸೆಯಬೇಕಾ?

ಬೇಡ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ನೀರು ತಿಳಿಯಾಗುವವರೆಗೆ ತೊಳೆದು, ನೆರಳಲ್ಲಿ ಒಣಗಿಸಿ. ಕೊಳ್ಳುವ ಮುಂಚೆ ಒದ್ದೆ ಟಿಶ್ಯೂ ಕಾಗದದಿಂದ ಒಂದು ಗರಿ ಒರೆಸಿ ನೋಡುವುದು ಇನ್ನೂ ಒಳ್ಳೆಯದು.

ಪೆಟ್ಟಿಗೆ ತೆಗೆದ್ರೆ ಗರಿ ಬುಡದಲ್ಲಿ ಪುಡಿ ಉದುರಿದೆ. ಏನಿದು?

ಹುಳು. ಬಟ್ಟೆ ತಿನ್ನುವ ನುಸಿಯ ಮರಿ ಅಥವಾ ಚರ್ಮ ತಿನ್ನುವ ಡರ್ಮೆಸ್ಟಿಡ್ ಜೀರುಂಡೆಯ ಮರಿ. ನನ್ನ ಮೊದಲ ಗ್ರಿಜ್ಲಿ ಕೇಪ್ ಹೀಗೇ ಹೋಯಿತು. ಹೊಸದಾಗಿ ಬಂದ ಒಂದು ಚರ್ಮವನ್ನು ನೇರ ಪೆಟ್ಟಿಗೆಗೆ ಹಾಕಿದ್ದೆ. ಎರಡು ತಿಂಗಳ ಮೇಲೆ ತೆಗೆದರೆ ಕೇಪ್‌ನ ಗರಿಗಳು ಮುಟ್ಟಿದಲ್ಲೆಲ್ಲ ಉದುರಿದವು, ದಂಟಿನ ಬುಡ ಕತ್ತರಿಸಿದ ಹಾಗಿತ್ತು. ಚೀಲದ ತಳದಲ್ಲಿ ಮರಳಿನಂಥ ಪುಡಿ, ಕೂದಲು ಕೂದಲಾದ ಒಣ ಪೊರೆಗಳು.

ಈಗ ಹೊಸದಾಗಿ ಬಂದ ಯಾವ ಗರಿಯೇ ಆಗಲಿ, ಗಾಳಿ ಹೋಗದ ಚೀಲದಲ್ಲಿ ಹಾಕಿ ಎರಡು ವಾರ ಫ್ರೀಜರ್‌ನಲ್ಲಿಡುತ್ತೇನೆ. ಒಂದೆರಡು ದಿನ ಹೊರಗೆ ತೆಗೆದು ಮತ್ತೆ ಎರಡು ವಾರ ಒಳಗೆ. ಮೊದಲ ಸಲ ತಪ್ಪಿಸಿಕೊಂಡ ಮೊಟ್ಟೆ ಹೊರಗೆ ಒಡೆದು, ಎರಡನೇ ಸಲ ಸಾಯಲಿ ಅಂತ. ಆಮೇಲೂ ಒಂದೊಂದು ಚರ್ಮಕ್ಕೂ ಒಂದೊಂದು ಚೀಲ. ಒಂದಕ್ಕೆ ಹತ್ತಿದರೂ ಇನ್ನೊಂದಕ್ಕೆ ದಾಟಬಾರದು. ನುಸಿಗುಳಿಗೆಯನ್ನು ಗರಿಯ ಚೀಲದೊಳಗೆ ನಾನು ಹಾಕುವುದಿಲ್ಲ, ವಾಸನೆ ಗರಿಗೆ ಹಿಡಿದುಬಿಡುತ್ತದೆ.

ಪೆಟ್ಟಿಗೆಯಲ್ಲಿ ಮಡಚಿಹೋದ ಗರಿ ಮತ್ತೆ ನೆಟ್ಟಗಾಗುತ್ತಾ?

ಆಗುತ್ತದೆ. ನೀರು ಕುದಿಸಿ, ಹಬೆಯ ಮೇಲೆ ಗರಿಯನ್ನು ಚಿಮಟದಿಂದ ಹಿಡಿಯಿರಿ. ಹತ್ತು ಹದಿನೈದು ಸೆಕೆಂಡಿನಲ್ಲಿ ಎಳೆಗಳು ಒಂದೊಂದಾಗಿ ಮೈಮುರಿದಂತೆ ಎದ್ದು ತಮ್ಮ ಜಾಗಕ್ಕೆ ಬರುತ್ತವೆ. ಹಬೆ ಕೈಗೆ ತಾಗದಂತೆ ನೋಡಿಕೊಳ್ಳಿ. ದಂಟೇ ಮುರಿದಿದ್ದರೆ ಮಾತ್ರ ಆಗದು. ಅಂಥ ಗರಿಯನ್ನು ಮುರಿದ ಕಡೆ ಎರಡು ತುಂಡು ಮಾಡಿ, ತುದಿಯ ಭಾಗವನ್ನು ಸಣ್ಣ ಕೊಕ್ಕೆಗೆ ಎತ್ತಿಡಿ.